ಗುರುತು ಉಳಿದು ಪರಿಚಯ ಅಳಿದಾಗ

ಕನ್ನಡದ ಆಡುಮಾತಿನಲ್ಲಿ ‘ಗುರುತು ಪರಿಚಯ’ ಎಂಬ ಜೋಡಿಪದ ಎಷ್ಟು ರೂಢವಾಗಿದೆಯೆಂದರೆ, ಅದರ ಎರಡು ಮಾತುಗಳಿಗೂ ಅರ್ಥ ಒಂದೇ ಎಂದು ಕೇಳುವವರಿಗೆ ಸಹಜವಾಗಿ ಅನ್ನಿಸಿಬಿಡುತ್ತದೆ. ಆದರೆ ಮುಖವೊಂದರ ಚಹರೆಯನ್ನು ಕಣ್ಣು ಸರಿಯಾಗಿ ಹಿಡಿಯುವುದು ಒಂದು ಕ್ರಿಯೆ, ಆ ಮುಖ ತನ್ನವರದು ಎಂದು ಒಳಗಿನಿಂದ ಅನ್ನಿಸುವುದು ಬೇರೊಂದು ಕ್ರಿಯೆ. ಇವೆರಡೂ ಮಿದುಳಿನಲ್ಲಿ ಒಂದೇ ದಾರಿ ಹಿಡಿಯುವುದಿಲ್ಲ ಎಂಬುದನ್ನು ಕಾಪ್‌ಗ್ರಾ ಭ್ರಮೆ ಎಂಬ ಅಪರೂಪದ ಕಾಯಿಲೆ ತೋರಿಸಿಕೊಟ್ಟಿದೆ. ಈ ಭ್ರಮೆಗೆ ಸಿಲುಕಿದವರು ತಮ್ಮ ಗಂಡನನ್ನೋ ಹೆಂಡತಿಯನ್ನೋ ಹೆತ್ತ ತಾಯಿಯನ್ನೋ ಎದುರಿಗೆ ಕಂಡು, ಮುಖ ಅದೇ ಎಂದು ಒಪ್ಪಿಕೊಂಡ ಮೇಲೂ, ಇವರು ನಮ್ಮವರಲ್ಲ, ನಮ್ಮವರ ರೂಪ ಹೊತ್ತು ಬಂದ ಬೇರೆ ಯಾರೋ ಎಂದು ಅಲುಗದ ನಂಬಿಕೆಯಿಂದ ಹೇಳುತ್ತಾರೆ.

ಫ್ರಾನ್ಸಿನ ಮನೋವೈದ್ಯ ಜೋಸೆಫ್ ಕಾಪ್‌ಗ್ರಾ ಮತ್ತು ಅವರ ಸಹೋದ್ಯೋಗಿ ಜಾನ್ ರೆಬೂಲ್-ಲಶೋ 1923ರಲ್ಲಿ ಇಂಥ ಒಬ್ಬ ಮಹಿಳೆಯ ಸ್ಥಿತಿಯನ್ನು ವಿವರವಾಗಿ ಬರೆದು ಪ್ರಕಟಿಸಿದರು. ಹಲವು ಮಕ್ಕಳನ್ನು ಹಸುಗೂಸುಗಳಾಗಿದ್ದಾಗಲೇ ಕಳೆದುಕೊಂಡಿದ್ದ ಆ ತಾಯಿ, ತನ್ನ ಗಂಡನ ಜಾಗದಲ್ಲಿ ಬೇರೊಬ್ಬ ಬಂದಿದ್ದಾನೆಂದೂ ಬದುಕುಳಿದ ಮಗಳ ಜಾಗಕ್ಕೆ ತದ್ರೂಪಿಗಳು ಒಬ್ಬರ ಹಿಂದೊಬ್ಬರು ಬರುತ್ತಿದ್ದಾರೆಂದೂ ನಂಬಿದ್ದರು. ಪ್ಯಾರಿಸ್ಸಿನ ನೆಲಮಾಳಿಗೆಗಳಲ್ಲಿ ಜನರನ್ನು ಕೂಡಿಹಾಕಲಾಗಿದೆ ಎಂದು ಪೊಲೀಸರಿಗೆ ದೂರು ಕೊಟ್ಟಿದ್ದರು. ವೈದ್ಯರು ಈ ಸ್ಥಿತಿಯನ್ನು ‘ಸೋಸಿ’ಗಳ ಭ್ರಮೆ ಎಂದು ಕರೆದರು. ಸೋಸಿ ಎಂದರೆ ಫ್ರೆಂಚಿನಲ್ಲಿ ತದ್ರೂಪಿ; ದೇವತೆಯೊಬ್ಬ ತನ್ನದೇ ರೂಪ ತಳೆದು ಎದುರಿಗೆ ನಿಂತಾಗ ಕಂಗಾಲಾಗುವ ಸೇವಕನ ಹೆಸರದು, ಮೋಲಿಯರ್ 1668ರಲ್ಲಿ ಆಡಿಸಿದ ನಾಟಕದ ಮೂಲಕ ಆಡುಮಾತಿಗೆ ಇಳಿಯಿತು. ಕನ್ನಡದ ಓದುಗರಿಗೆ ಇಲ್ಲಿ ನಳದಮಯಂತಿಯರ ಸ್ವಯಂವರ ನೆನಪಾಗದೆ ಇರದು. ಒಂದೇ ರೂಪದ ಐವರು ನಳರಲ್ಲಿ ನಾಲ್ವರು ದೇವತೆಗಳೆಂದು ಅರಿತ ದಮಯಂತಿ, ಯಾರ ಮೈ ಬೆವರಿದೆಯೋ, ಯಾರ ರೆಪ್ಪೆ ಮಿಟುಕುತ್ತದೆಯೋ, ಯಾರ ಪಾದ ನೆಲ ಮುಟ್ಟಿದೆಯೋ ಅವನೇ ನಿಜವಾದ ನಳನೆಂದು ಆರಿಸಿಕೊಂಡಳು. ಬೆವರಿನ ಈ ಸಾಕ್ಷ್ಯ ಮುಂದೆ ಪ್ರಯೋಗಾಲಯದಲ್ಲಿ, ಬೇರೆಯದೇ ರೀತಿಯಲ್ಲಿ, ಮತ್ತೆ ಎದುರಾಗುತ್ತದೆ.

ಬಹುಕಾಲ ಈ ಭ್ರಮೆಯನ್ನು ಪ್ರೀತಿ ದ್ವೇಷಗಳ ಒಳಗುದಿಯ ಫಲವೆಂದೇ ವಿವರಿಸಲಾಯಿತು. ತಲೆಗೆ ಪೆಟ್ಟು ಬಿದ್ದವರಲ್ಲಿ, ಅಲ್ಜೈಮರ್ ಮತ್ತು ಲೂಯಿ ಕಾಯಗಳ ಮರೆವಿನ ರೋಗವುಳ್ಳವರಲ್ಲಿ ಇದು ಕಾಣತೊಡಗಿದ ಮೇಲೆ ಆ ವಿವರಣೆ ಸಾಲದಾಯಿತು. ಉತ್ತರದ ಸುಳಿವು ಸಿಕ್ಕಿದ್ದು ಇದಕ್ಕೆ ತೀರಾ ವಿರುದ್ಧವೆನ್ನಬಹುದಾದ ಇನ್ನೊಂದು ದೋಷದಿಂದ. 1947ರಲ್ಲಿ ಜರ್ಮನಿಯ ವೈದ್ಯ ಬೋಡಾಮರ್ ‘ಪ್ರೊಸೊಪಗ್ನೋಸಿಯಾ’ ಎಂದು ಹೆಸರಿಟ್ಟ ಆ ದೋಷದಲ್ಲಿ, ಅಂದರೆ ಮುಖಗಳ ಅರಿವೇ ಇಲ್ಲವಾಗುವ ಸ್ಥಿತಿಯಲ್ಲಿ, ರೋಗಿಗೆ ಮೂಗು ಕಣ್ಣುಗಳೆಲ್ಲ ಕಂಡರೂ ಮುಖ ಯಾರದೆಂದು ತಿಳಿಯುವುದಿಲ್ಲ. ಅಂಥ ರೋಗಿಯೊಬ್ಬರ ಕೈಬೆರಳಿಗೆ ತಂತಿ ಹಚ್ಚಿ ಚರ್ಮದ ಸೂಕ್ಷ್ಮ ಬೆವರನ್ನು ಅಳೆದ ಬಾವರ್ ಎಂಬ ಸಂಶೋಧಕ, ಬಾಯಿ ‘ಗೊತ್ತಿಲ್ಲ’ ಎಂದ ಮುಖಗಳಿಗೂ ಮೈ ಸ್ಪಂದಿಸುತ್ತದೆ ಎಂದು 1984ರಲ್ಲಿ ತೋರಿಸಿದರು. ಇದರ ಪ್ರತಿಬಿಂಬವೇ ಕಾಪ್‌ಗ್ರಾ ಭ್ರಮೆಯಾಗಿರಬೇಕು ಎಂದು 1990ರಲ್ಲಿ ಎಲ್ಲಿಸ್ ಮತ್ತು ಯಂಗ್ ಊಹಿಸಿದರು. 1997ರಲ್ಲಿ ಅಳೆದು ನೋಡಿದಾಗ, ಈ ರೋಗಿಗಳ ಕಣ್ಣು ಬಂಧುಬಳಗವನ್ನು ಹೆಸರಿಸಬಲ್ಲದಾದರೂ ಚರ್ಮ ಅವರಿಗೂ ಅಪರಿಚಿತರಿಗೂ ಹೆಚ್ಚಿನ ಭೇದ ತೋರಲಿಲ್ಲ. ಹತ್ತಿರದವರನ್ನು ಕಂಡಾಗ ‘ಕರುಳು ಚುರ್ ಎಂದಿತು’ ಎನ್ನುತ್ತಾರಲ್ಲ, ಆ ಮಾತಿನ ಹಿಂದೆ ಮೈಯ ಇಂಥದೇ ಒಂದು ಉತ್ತರವಿದೆ. ಅದು ಬಾರದೆ ಹೋದಾಗ ಎದುರಿನ ಮುಖ ಬರಿಯ ಹೋಲಿಕೆಯಾಗಿ ಉಳಿಯುತ್ತದೆ.

ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಅವರು ವಿಲಿಯಂ ಹಿರ್ಸ್ಟೀನ್ ಜೊತೆಗೂಡಿ 1997ರಲ್ಲೇ ಪ್ರಕಟಿಸಿದ ಅಧ್ಯಯನ ಇನ್ನೂ ಮನಮಿಡಿಯುವಂಥದು. ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಬಹುದಿನ ಪ್ರಜ್ಞೆ ತಪ್ಪಿದ್ದ ಯುವಕನೊಬ್ಬ ಚೇತರಿಸಿಕೊಂಡು ಮನೆಗೆ ಮರಳಿದ ಮೇಲೆ, ತನ್ನನ್ನು ಆರೈಕೆ ಮಾಡುತ್ತಿದ್ದ ತಂದೆತಾಯಿಯನ್ನೇ ಸೋಗಿನವರೆಂದು ನಂಬಿದನು. ಆದರೆ ಅದೇ ತಂದೆತಾಯಿ ದೂರವಾಣಿಯಲ್ಲಿ ಮಾತನಾಡಿದರೆ ಯಾವ ಶಂಕೆಯೂ ಇಲ್ಲದೆ ಮಗನಂತೆ ಮಾತನಾಡುತ್ತಿದ್ದನು. ನೋಟದಿಂದ ಮಿದುಳಿನ ಭಾವಕೇಂದ್ರಗಳಿಗೆ ಹೋಗುವ ದಾರಿ ಕಡಿದಿತ್ತು, ದನಿಯಿಂದ ಹೋಗುವ ದಾರಿ ಹಾಗೆಯೇ ಉಳಿದಿತ್ತು ಎಂದು ಸಂಶೋಧಕರು ಇದನ್ನು ಅರ್ಥೈಸಿದರು. ಎಲ್ಲ ರೋಗಿಗಳಲ್ಲೂ ಹೀಗೆಯೇ ಆಗುವುದಿಲ್ಲ. ಕಣ್ಣಿಲ್ಲದವರಲ್ಲಿಯೂ ಈ ಭ್ರಮೆ ಕಂಡದ್ದುಂಟು.

ಮೈ ಸ್ಪಂದಿಸದಿರುವುದೊಂದೇ ಭ್ರಮೆಗೆ ಸಾಕೆಂದು ಹೇಳಲೂ ಬಾರದು. ಮಿದುಳಿನ ಮುಂಭಾಗದ ಕೆಳಬದಿಗೆ ಹಾನಿಯಾದ ಕೆಲವರಲ್ಲಿ ಪರಿಚಿತ ಮುಖಗಳಿಗೆ ಚರ್ಮ ಸ್ಪಂದಿಸುವುದಿಲ್ಲವಾದರೂ ಅವರು ಯಾರನ್ನೂ ಸೋಗಿನವರೆನ್ನುವುದಿಲ್ಲ ಎಂಬುದನ್ನು 1995ರ ಒಂದು ಅಧ್ಯಯನ ತೋರಿಸಿದೆ. ಮನಸ್ಸಿಗೆ ಹೊಳೆದ ವಿಚಿತ್ರ ವಿವರಣೆಯನ್ನು ಒರೆಗೆ ಹಚ್ಚಿ ತಳ್ಳಿಹಾಕುವ ಇನ್ನೊಂದು ಶಕ್ತಿಯೂ ಜೊತೆಯಲ್ಲೇ ಕುಂದಿದಾಗ ಮಾತ್ರ ಶಂಕೆ ನಂಬಿಕೆಯಾಗಿ ಗಟ್ಟಿಯಾಗುತ್ತದೆ ಎಂಬುದು ಮ್ಯಾಕ್ಸ್ ಕೋಲ್ಟ್‌ಹಾರ್ಟ್ ಮತ್ತವರ ಸಂಗಡಿಗರ ವಾದ, ಮತ್ತು ಇದುವರೆಗಿನ ವಿವರಣೆಗಳಲ್ಲಿ ಹೆಚ್ಚು ಒಪ್ಪುವಂಥದು ಇದೇ. ಆಧಾರ್ ಕಾರ್ಡು, ಮದುವೆಯ ಫೋಟೊ ಮುಂದಿಟ್ಟು ಮನೆಯವರು ಎಷ್ಟು ವಾದಿಸಿದರೂ ರೋಗಿ ಒಪ್ಪದಿರುವುದು ಏಕೆಂಬುದು ಇದರಿಂದ ತಿಳಿಯುತ್ತದೆ: ಸಾಕ್ಷ್ಯವನ್ನು ತೂಗಬೇಕಾದ ತಕ್ಕಡಿಯೇ ಕೆಟ್ಟಿರುತ್ತದೆ.

ಹತ್ತಿರದವರಾದಷ್ಟೂ ಈ ಶಂಕೆಗೆ ಹೆಚ್ಚು ಗುರಿಯಾಗುವುದು ಕಾಯಿಲೆಯ ಅತ್ಯಂತ ಕ್ರೂರವಾದ ಮುಖ. ಯಾರ ದರ್ಶನದಿಂದ ಮನಸ್ಸು ಹೆಚ್ಚು ನಿರೀಕ್ಷಿಸುತ್ತದೆಯೋ ಅವರ ಎದುರಿನಲ್ಲೇ ಆ ಕೊರತೆ ಎದ್ದು ಕಾಣುವುದರಿಂದ, ಹಗಲಿರುಳು ಊಟ ಔಷಧಿ ನೋಡಿಕೊಂಡ ಹೆಂಡತಿ ಅಥವಾ ಮಗನೇ ವಂಚಕರೆನಿಸಿಕೊಳ್ಳುತ್ತಾರೆ. ಕೆಲವೊಮ್ಮೆ ಭಯಗೊಂಡ ರೋಗಿ ಅವರ ಮೇಲೆ ಕೈಮಾಡುವುದೂ ಉಂಟು. ಆದ್ದರಿಂದ ಮನೆಯ ಹಿರಿಯರೊಬ್ಬರು ತಮ್ಮವರನ್ನೇ ನೋಡಿ ‘ನೀನು ನನ್ನ ಮಗನಲ್ಲ’ ಎಂದರೆ, ಅದನ್ನು ಮುನಿಸೆಂದೋ ಗಾಳಿ ಸೋಕಿದೆಯೆಂದೋ ತಿಳಿದು ಕಾಲ ಕಳೆಯದೆ, ನರರೋಗ ಅಥವಾ ಮನೋರೋಗ ತಜ್ಞರಲ್ಲಿಗೆ ಬೇಗ ಕರೆದೊಯ್ಯಬೇಕು; ಮನೆಯಲ್ಲಿ ವಾದಕ್ಕಿಳಿಯದೆ, ಕೋಣೆಯೊಳಗೆ ಕಾಲಿಡುವ ಮುನ್ನ ಬಾಗಿಲ ಆಚೆಯಿಂದಲೇ ಒಮ್ಮೆ ಕೂಗಿ ಮಾತನಾಡಿಸಿ ನೋಡಬೇಕು.