ಒಂದು ಬ್ಯಾಟರಿಗೆ ಮೂರು ಚಾರ್ಜರ್

ದೂರದರ್ಶನದಲ್ಲಿ ರಾಮಾಯಣ ಬರುತ್ತಿದ್ದ 1987–88ರಲ್ಲಿ, ಲಿಂಗನಮಕ್ಕಿ ಹಿನ್ನೀರಿನಾಚೆಯ ನಮ್ಮ ಊರುಗಳವರಿಗೆ ಟಿವಿಗೆ ಬೇಕಾದ ಬ್ಯಾಟರಿ ಚಾರ್ಜ್ ಮಾಡಿಸುವುದೇ ದೊಡ್ಡ ಕೆಲಸ. ಕಾರಿನ ಬ್ಯಾಟರಿಯನ್ನು ಗೋಣಿಚೀಲದಲ್ಲಿ ಸುತ್ತಿ, ಹೊಳೆಬಾಗಿಲಿನಲ್ಲಿ ಲಾಂಚ್ ದಾಟಿಸಿ, ಸಾಗರದ ಅಂಗಡಿಯಲ್ಲಿ ಬಿಟ್ಟು ಬಂದು, ಮರುದಿನ ಮತ್ತೆ ಹೋಗಿ ತರಬೇಕು. 1964ರಲ್ಲಿ ಅಣೆಕಟ್ಟು ಎದ್ದು ಶರಾವತಿಯ ಕರೆಂಟು ನಾಡಿಗೆಲ್ಲ ಹೋಯಿತು. ನೀರಿನಂಚಿನ ಎಷ್ಟೋ ಒಂಟಿಮನೆಗಳಿಗೆ ಮಾತ್ರ ಲೈನು ಬರಲೇ ಇಲ್ಲ. ನಾನು ವೈರಿಂಗ್ ಕೆಲಸ ಕಲಿತದ್ದು ಅಂಥ ಮನೆಗಳಲ್ಲೇ.

ತೊಂಬತ್ತರ ದಶಕದಲ್ಲಿ ಸೋಲಾರ್ ದೀಪಗಳು ಬಂದವು. ಹೆಂಚಿನ ಮೇಲೊಂದು ಪ್ಯಾನಲ್, ಜಗಲಿಯಲ್ಲೊಂದು ಕಂಟ್ರೋಲರ್, ಮೂಲೆಯಲ್ಲಿ 12 ವೋಲ್ಟಿನ ಬ್ಯಾಟರಿ. ಬೇಸಗೆಯಲ್ಲಿ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ ಅನಿಸುತ್ತಿತ್ತು. ಆದರೆ ನಮ್ಮದು ಮಲೆನಾಡು. ಜೂನ್ ಹಿಡಿದ ಮಳೆ ಬಿಡುವ ಹೊತ್ತಿಗೆ ಸೆಪ್ಟೆಂಬರ್. ಅಷ್ಟು ದಿನ ಬ್ಯಾಟರಿ ಅರ್ಧ ಹೊಟ್ಟೆಯಲ್ಲೇ ಇದ್ದು, ಪ್ಲೇಟುಗಳಿಗೆ ಬಿಳಿ ಸಲ್ಫೇಟ್ ಕಟ್ಟಿ ಕೆಡುತ್ತಿತ್ತು.

ಅದಕ್ಕೆ ಉತ್ತರ ಮನೆಯ ಹಿಂದಿನ ಹಳ್ಳದಲ್ಲೇ ಇತ್ತು. ಗುಡ್ಡದ ಮೇಲೊಂದು ಒಡ್ಡು, ಅಲ್ಲಿಂದ ಕೆಳಕ್ಕೆ ಪೈಪು, ಪೈಪಿನ ತುದಿಗೊಂದು ಪುಟ್ಟ ಟರ್ಬೈನ್. 100 ವ್ಯಾಟಿನದಾದರೂ ಹಗಲೂ ರಾತ್ರಿಯೂ ಓಡಿದರೆ ದಿನಕ್ಕೆ 2.4 ಯೂನಿಟ್ ಬರುತ್ತದೆ. ಹಳ್ಳ ಬತ್ತುವ ಕಾಲಕ್ಕೆ ಬಿಸಿಲು ಬಲಿಯುತ್ತದೆ, ಬಿಸಿಲು ಮರೆಯಾಗುವ ಕಾಲಕ್ಕೆ ಹಳ್ಳ ತುಂಬುತ್ತದೆ. ಇವೆರಡನ್ನೂ ಒಂದೇ ಬ್ಯಾಟರಿಗೆ ತಂದರೆ ವರ್ಷವಿಡೀ ಬೆಳಕು ಎಂದುಕೊಂಡು ಜೋಡಿಸತೊಡಗಿದೆವು. ನಮ್ಮ ಕಸುಬಿನ ಕಷ್ಟದ ಪಾಠಗಳು ಶುರುವಾದದ್ದೂ ಅಲ್ಲಿಂದಲೇ.

ಟರ್ಬೈನಿನ ಗುಣ ಪ್ಯಾನಲಿನದಲ್ಲ. ಬ್ಯಾಟರಿ ತುಂಬಿತೆಂದು ಪ್ಯಾನಲಿನ ತಂತಿ ಕಳಚಿದರೆ ಅದಕ್ಕೇನೂ ಆಗದು. ಓಡುತ್ತಿರುವ ಟರ್ಬೈನಿನ ತಂತಿ ಕಳಚಿದರೆ ಚಕ್ರ ಹುಚ್ಚೆದ್ದು ತಿರುಗುತ್ತದೆ, ವೋಲ್ಟೇಜ್ ಏರಿ ಎದುರಿಗಿದ್ದದ್ದನ್ನು ಸುಡುತ್ತದೆ. ಅದಕ್ಕೆ ಯಾವಾಗಲೂ ಹೊರೆ ಬೇಕು. ಬ್ಯಾಟರಿಗೆ ಬೇಡವಾದ ಕರೆಂಟನ್ನು ಹೀಟರ್ ಕಾಯಿಲ್‌ಗೆ ತಿರುಗಿಸುವ ಕಂಟ್ರೋಲರ್ ಇಟ್ಟು, ಕಾಯಿಲನ್ನು ಬಚ್ಚಲುಮನೆಯ ನೀರಿನ ಟ್ಯಾಂಕಿಗೆ ಇಳಿಸುತ್ತಿದ್ದೆವು.

ಹೊಸನಗರದ ಕಡೆಯ ಒಂದು ಮನೆಗೆ ನವೆಂಬರ್ ತಿಂಗಳಲ್ಲಿ ಕರೆದರು. ಹಳ್ಳದಲ್ಲಿ ನೀರೂ ಇತ್ತು, ಬಿಸಿಲೂ ಇತ್ತು. "ತಮ್ಮಾ, ಮಧ್ಯಾಹ್ನದೊಳಗೇ ಬ್ಯಾಟರಿ ತುಂಬ್ತು ಅಂತ ಹಸಿರು ದೀಪ ಹತ್ತುತ್ತೆ, ರಾತ್ರಿ ಊಟಕ್ಕೆ ಕೂತ್ರೆ ಕರೆಂಟೇ ಇರಲ್ಲ" ಅಂದರು ಆ ಮನೆಯ ಅಜ್ಜಿ. ಹೈಡ್ರೋಮೀಟರ್ ಇಳಿಸಿ ನೋಡಿದರೆ ಆಸಿಡ್ಡಿನ ಸಾಂದ್ರತೆ 1.180. ತುಂಬಿದ್ದರೆ 1.240ರ ಸುಮಾರು ಇರಬೇಕಿತ್ತು. ಮೀಟರಿನ ಮೊನೆಗಳನ್ನು ಜಗಲಿಯ ಕಂಟ್ರೋಲರಿಗೆ ಹಿಡಿದೆ: 14.4 ವೋಲ್ಟ್. ಉಗ್ರಾಣಕ್ಕೆ ಹೋಗಿ ಬ್ಯಾಟರಿಯ ಟರ್ಮಿನಲ್‌ಗೇ ಹಿಡಿದೆ: 13.7. ಟರ್ಬೈನ್, ಪ್ಯಾನಲ್ ಎರಡರ ಕಂಟ್ರೋಲರನ್ನೂ ಜಗಲಿಯಲ್ಲಿ ಕೂರಿಸಿ, 4 ಚದರ ಮಿಲಿಮೀಟರಿನ ಒಂದೇ ಜೋಡಿ ತಂತಿಯಲ್ಲಿ ಉಗ್ರಾಣಕ್ಕೆ ಎಳೆದಿದ್ದರು. ಹೋಗಿಬರುವ ದಾರಿ ಸೇರಿ 20 ಮೀಟರ್. ಅದರಲ್ಲಿ 8 ಆಂಪಿಯರ್ ಹರಿದರೆ 0.7 ವೋಲ್ಟ್ ತಂತಿಯಲ್ಲೇ ಕಳೆದುಹೋಗುತ್ತದೆ. ಟರ್ಬೈನ್ ಕೊಟ್ಟ ಕರೆಂಟಿನಿಂದ ತಂತಿಯ ತುದಿಯ ವೋಲ್ಟೇಜ್ ಏರುತ್ತಿತ್ತು. ಪ್ಯಾನಲಿನ ಕಂಟ್ರೋಲರ್ ಅದನ್ನೇ ನೋಡಿ, ಬ್ಯಾಟರಿ ತುಂಬಿತೆಂದು ಕೈ ಬಿಗಿ ಹಿಡಿಯುತ್ತಿತ್ತು.

ಆಮೇಲೆ ನಾನು ಮುಟ್ಟಿದ ಮನೆಗಳಲ್ಲೆಲ್ಲ ಕಂಟ್ರೋಲರುಗಳು ಬ್ಯಾಟರಿಯ ಹತ್ತಿರಕ್ಕೆ ಬಂದವು. ಪ್ರತಿ ಚಾರ್ಜರಿಗೂ ಬ್ಯಾಟರಿ ಟರ್ಮಿನಲ್ ತನಕ ಅದರದೇ ದಪ್ಪ ತಂತಿ, ಬ್ಯಾಟರಿಯ ಪಕ್ಕದಲ್ಲೇ ಅದರದೇ ಫ್ಯೂಸ್. ಎರಡು ಬ್ಯಾಟರಿಯನ್ನು ಪ್ಯಾರಲಲ್ ಜೋಡಿಸಿದ್ದರೆ ಪಾಸಿಟಿವ್ ಒಂದರಿಂದ, ನೆಗೆಟಿವ್ ಇನ್ನೊಂದರಿಂದ. ಹಾಗಾದರೆ ಎರಡಕ್ಕೂ ಸಮನಾಗಿ ಚಾರ್ಜ್ ಆಗುತ್ತದೆ.

ಇಷ್ಟೇ ಮುಖ್ಯವಾದದ್ದು ಯಾರು ಯಾವಾಗ ನಿಲ್ಲಬೇಕೆಂಬ ಸರದಿ. ಪ್ಯಾನಲಿಗೆ 14.2, ಹೀಟರಿಗೆ ತಿರುಗಿಸುವ ಕಂಟ್ರೋಲರಿಗೆ 14.5 ಎಂದು ಇಟ್ಟರೆ, ಬ್ಯಾಟರಿ ತುಂಬುತ್ತ ಬಂದಂತೆ ಪ್ಯಾನಲ್ ಮೊದಲು ಹಿಂದೆ ಸರಿಯುತ್ತದೆ, ಹಳ್ಳದ ಹೆಚ್ಚುವರಿ ಮಾತ್ರ ನೀರು ಕಾಯಿಸುತ್ತದೆ. ತಿರುವುಮುರುವು ಆದರೆ ಕಾಯಿಲ್ ಮೊದಲು ಹತ್ತಿಕೊಂಡು, ವೋಲ್ಟೇಜ್ ಏರಲು ಬಿಡದೆ, ಬಿಸಿಲಿನ ಕರೆಂಟನ್ನೂ ನುಂಗುತ್ತದೆ. ನಂತರದ ವರ್ಷಗಳಲ್ಲಿ ಹಲವು ಮನೆಗಳಿಗೆ ಲೈನು ಬಂತು. ಗಾಳಿಮಳೆಗೆ ಮರ ಬಿದ್ದು ಹೋಗುವ ಕರೆಂಟಾದ್ದರಿಂದ ಅದೂ ಮೂರನೆಯ ಚಾರ್ಜರಾಯಿತು. ಬ್ಯಾಟರಿ 12 ವೋಲ್ಟಿಗೆ ಇಳಿದಾಗ ಮಾತ್ರ ಶುರುವಾಗುವಂತೆ ಅದನ್ನು ಕೊನೆಯ ಸರದಿಯಲ್ಲಿ ಇಟ್ಟೆವು.

ಈಗ ಲಿಥಿಯಂ ಬ್ಯಾಟರಿ ಬಂದಿದೆ. ನೀರು ಹಾಕುವ ಕೆಲಸವಿಲ್ಲ, ಎಷ್ಟು ತುಂಬಿದೆಯೆಂದು ಮೊಬೈಲಿನಲ್ಲೇ ಕಾಣುತ್ತದೆ. ಒಳ್ಳೆಯದೇ ಆಯಿತು. ಆದರೆ ಅದರೊಳಗಿನ ಬಿಎಂಎಸ್ ಎಂಬ ಕಾವಲು ಸರ್ಕ್ಯೂಟ್ ಸೆಲ್‌ಗಳನ್ನು ಕಾಪಾಡಲೆಂದು ಬ್ಯಾಟರಿಯನ್ನು ಥಟ್ಟನೆ ಕಡಿದುಬಿಡಬಲ್ಲದು. ಆ ಕ್ಷಣ ಟರ್ಬೈನ್ ಓಡುತ್ತಿದ್ದರೆ ಹೊರೆ ಇಲ್ಲದಂತಾಗುತ್ತದೆ. ಹಾಗಾಗಿ ಹಳೆಯ ಹೀಟರ್ ಕಾಯಿಲನ್ನು ತೆಗೆಯಬೇಡಿ ಎನ್ನುತ್ತೇನೆ. ಬಿಎಂಎಸ್ ಕಡಿಯುವ ವೋಲ್ಟೇಜಿಗಿಂತ ಮೊದಲೇ ಅದು ಹತ್ತಿಕೊಳ್ಳಬೇಕು. ಬ್ಯಾಟರಿ ಕಳಚಿಕೊಂಡರೂ ಟರ್ಬೈನಿನ ಹೊರೆ ಹೊರುವಷ್ಟು ಅದು ದೊಡ್ಡದಿರಬೇಕು.

2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದು ಸಾಗರ ಹತ್ತಿರವಾಗಿದೆ. ಆದರೂ ಆಷಾಢದ ರಾತ್ರಿ ಕರೆಂಟು ಕೆಟ್ಟರೆ ಮೆಕ್ಯಾನಿಕ್ ಬರುವುದು ಬೆಳಗಾದ ಮೇಲೇ. ಯಾವ ಚಾರ್ಜರ್ ಎಷ್ಟು ವೋಲ್ಟಿಗೆ ನಿಲ್ಲುತ್ತದೆ, ಯಾವ ಫ್ಯೂಸ್ ಯಾರದು, ಮೊದಲು ಯಾವುದನ್ನು ಆಫ್ ಮಾಡಬೇಕು ಎಂದು ಕನ್ನಡದಲ್ಲಿ ಬರೆದು ಉಗ್ರಾಣದ ಬಾಗಿಲಿಗೆ ಅಂಟಿಸದೆ ನಾನು ಕೆಲಸ ಮುಗಿಸುವುದಿಲ್ಲ. ಟರ್ಬೈನಿಗೆ ಮೊದಲು ಪೈಪಿನ ವಾಲ್ವ್ ಮುಚ್ಚಿ, ಆಮೇಲೆ ತಂತಿ ಮುಟ್ಟಿ ಎಂಬುದು ಅದರ ಮೊದಲ ಸಾಲು. ಅದನ್ನು ಓದಿ ಮನೆಯ ಹೆಂಗಸರು, ಮಕ್ಕಳೂ ಮಾಡುವಂತಿರಬೇಕು. ಕರೆಂಟು ಮನೆಯಲ್ಲೇ ಹುಟ್ಟುವಾಗ ಅದರ ತಿಳಿವಳಿಕೆಯೂ ಮನೆಯವರ ಕೈಯಲ್ಲೇ ಇರಬೇಕು.