ಸಾಲುಗಳ ನಡುವಣ ಮೌನ

ಪದ್ಯದಲ್ಲಿ ಕಥೆ ಹೇಳುವುದು ಕನ್ನಡಕ್ಕೆ ಹೊಸತಲ್ಲ. ಹರಿಹರನ ರಗಳೆ, ರಾಘವಾಂಕನ ವಾರ್ಧಕ, ಕುಮಾರವ್ಯಾಸನ ಭಾಮಿನಿ ಇವೆಲ್ಲವೂ ಕಥನದ ನಡಿಗೆಗಳೇ. ಕಾದಂಬರಿ ಬಂದ ಮೇಲೆ ಕಥೆ ಬಹುಮಟ್ಟಿಗೆ ಗದ್ಯದ ಪಾಲಾಯಿತು. ಪದ್ಯ ಭಾವಗೀತೆಯಲ್ಲಿ ನೆಲೆನಿಂತಿತು. ಆದುದರಿಂದಲೇ ಅಮೆರಿಕದ ಹದಿಹರೆಯದ ಓದುಗರು ಕಳೆದ ಮೂರು ದಶಕಗಳಿಂದ ಪದ್ಯ ಕಾದಂಬರಿಗಳಿಗೆ ಒಲಿದಿರುವುದು ಕನ್ನಡ ಸಾಹಿತ್ಯದ ಅಭ್ಯಾಸಿಗೆ ಕುತೂಹಲದ ಸಂಗತಿಯಾಗುತ್ತದೆ.

ಈ ಕೃತಿಗಳಲ್ಲಿ ಹೆಚ್ಚಿನವು ಮುಕ್ತಛಂದದವು. ಒಂದೊಂದು ಸನ್ನಿವೇಶಕ್ಕೆ ಒಂದೊಂದು ಕಿರುಗವನ. ಸುತ್ತ ಧಾರಾಳವಾದ ಬಿಳಿ ಜಾಗ. ಇದು ಗದ್ಯವನ್ನು ತುಂಡರಿಸಿ ಜೋಡಿಸಿದ್ದು ಎಂಬ ಆಕ್ಷೇಪ ಸಹಜ. ದುರ್ಬಲ ಕೃತಿಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ ಉತ್ತಮ ಕೃತಿಗಳಲ್ಲಿ ಆ ಬಿಳಿ ಜಾಗವೇ ಅರ್ಥವನ್ನು ಹೊರುತ್ತದೆ.

1998ರಲ್ಲಿ ನ್ಯೂಬರಿ ಪದಕ ಪಡೆದ ಕ್ಯಾರೆನ್ ಹೆಸ್ ಅವರ 'ಔಟ್ ಆಫ್ ದ ಡಸ್ಟ್' (1997) ಇದಕ್ಕೆ ನಿದರ್ಶನ. 1934-35ರ ಒಕ್ಲಹೋಮ, ಬೆಳೆಯನ್ನು ನುಂಗುವ ಧೂಳಿನ ಬಿರುಗಾಳಿ. ತಂದೆ ಒಲೆಯ ಬಳಿ ಇಟ್ಟ ಸೀಮೆಎಣ್ಣೆಯನ್ನು ತಾಯಿ ನೀರೆಂದು ಬಗೆಯುತ್ತಾಳೆ. ಹೊತ್ತಿಕೊಂಡ ಎಣ್ಣೆಯನ್ನು ಮಗಳು ಬಿಲ್ಲಿ ಜೋ ಹೊರಗೆ ಎಸೆದಾಗ ಅದು ತಾಯಿಯ ಮೇಲೆಯೇ ಬೀಳುತ್ತದೆ. ತಾಯಿ ಉಳಿಯುವುದಿಲ್ಲ, ಪಿಯಾನೋ ನುಡಿಸುತ್ತಿದ್ದ ಹುಡುಗಿಯ ಕೈಗಳೂ ಸುಟ್ಟಿವೆ. ತಪ್ಪು ತಂದೆಯದೋ ಮಗಳದೋ? ಇಬ್ಬರೂ ಬಾಯಿಬಿಡಲಾರರು. ಗದ್ಯವಾಗಿದ್ದರೆ ಈ ಮೌನವನ್ನು ವಿವರಿಸಬೇಕಾಗುತ್ತಿತ್ತು. ಇಲ್ಲಿ ಸಾಲು ಮುರಿದು ನಿಲ್ಲುತ್ತದೆ, ಅಷ್ಟೇ. ಹೇಳಿಕೊಳ್ಳಲಾಗದ ಮಾತುಗಳನ್ನು ಒಳಗೇ ಇಟ್ಟುಕೊಂಡ ಹರೆಯಕ್ಕೆ ಆ ಮುರಿದ ಸಾಲು ತನ್ನದೇ ಎನಿಸುತ್ತದೆ.

ಈ ಬಗೆಯ ನಿಲುಗಡೆ ಕನ್ನಡಕ್ಕೂ ಪರಿಚಿತ. ಷಟ್ಪದಿಯಲ್ಲಿ ಮೂರನೆಯ ಹಾಗೂ ಆರನೆಯ ಪಾದಗಳು ಉದ್ದವಾಗಿ ಸಾಗಿ ಗುರುವಿನಲ್ಲಿ ನಿಲ್ಲುತ್ತವೆ. ಗಮಕಿ ಅಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ. ಕೇಳುಗ ಅರ್ಥವನ್ನು ತುಂಬಿಕೊಳ್ಳುತ್ತಾನೆ. ಗಮಕದಲ್ಲಿ ಕಿವಿಗೆ ದೊರೆಯುತ್ತಿದ್ದ ಬಿಡುವು ಪದ್ಯ ಕಾದಂಬರಿಯಲ್ಲಿ ಕಣ್ಣಿಗೆ ದೊರೆಯುತ್ತದೆ.

ಥಾನ್‌ಹಾ ಲಾಯ್ ಅವರ 'ಇನ್‌ಸೈಡ್ ಔಟ್ ಅಂಡ್ ಬ್ಯಾಕ್ ಅಗೈನ್' (2011) ಇನ್ನೊಂದು ಬಾಗಿಲನ್ನು ತೆರೆಯುತ್ತದೆ. 1975ರಲ್ಲಿ ಸೈಗಾನ್ ತೊರೆದು ಅಲಬಾಮಾ ಸೇರುವ ಹತ್ತು ವರ್ಷದ ಬಾಲಕಿ ತನ್ನ ನುಡಿಯಲ್ಲಿ ಜಾಣೆ, ಹೊಸ ಶಾಲೆಯಲ್ಲಿ ದಡ್ಡಿ. ಕೆಲವೇ ಪದಗಳ ಸಾಲುಗಳು ಅವಳ ಬಡತನವಲ್ಲ. ಪರನುಡಿಯ ನಡುವೆ ಅವಳು ಕಾಲೂರಿ ನಿಲ್ಲುವ ಮೆಟ್ಟಿಲು.

ಮುಂಬಯಿ, ಪುಣೆ, ಚೆನ್ನೈಗಳ ಎಷ್ಟೋ ಕನ್ನಡ ಮನೆಗಳ ಮಕ್ಕಳಿಗೆ ಈ ಪಾಡು ತಿಳಿದದ್ದೇ. ಅಜ್ಜಿಯೊಡನೆ ಸರಾಗವಾಗಿ ಕನ್ನಡ ಆಡುವ ಮಗು ಅಚ್ಚಿನ ಪುಟದೆದುರು ತಡವರಿಸುತ್ತದೆ. ದಟ್ಟವಾದ ಪರಿಚ್ಛೇದ ಗೋಡೆಯಂತೆ ಕಾಣುತ್ತದೆ. ಅಂಥ ಮಗುವಿಗೆ ಕನ್ನಡದ ಪದ್ಯ ಕಾದಂಬರಿ ಬೇಕು. ಸುಲಭವೆಂಬ ಕಾರಣಕ್ಕಷ್ಟೇ ಅಲ್ಲ. ಎರಡು ನುಡಿಗಳ ನಡುವೆ ಬೆಳೆಯುವವರಲ್ಲಿ ಹೇಳದೆ ಉಳಿದದ್ದು ಬಹಳ. ಅದಕ್ಕೆ ಜಾಗ ಬಿಡುವ ಪುಟವನ್ನು ಅವರು ಮುಚ್ಚಲಾರರು.