ಗೇಣುದ್ದದ ಗೇಮಿಂಗ್ ಪಿಸಿ

ಬೆಂಗಳೂರಿನ ಉಲ್ಲಾಳದ ಟ್ವೆಂಟಿ ಥರ್ಟಿ ಸೈಟಿನ ಮನೆಗಳಲ್ಲಿ ಒಂದು ರೂಮಿಗೆ ಮಂಚ, ಬೀರು ಎರಡೂ ಬಂದವೆಂದರೆ ಒಳಗೆ ಹೋದವನು ಹಿಂದಕ್ಕೆ ಹೆಜ್ಜೆಯಿಟ್ಟೇ ಹೊರಗೆ ಬರಬೇಕು. ಅಲ್ಲಿಗೆ ಗೇಮಿಂಗ್ ಕಂಪ್ಯೂಟರೂ ಬರುವುದಾದರೆ ಚಿಕ್ಕದೇ ಬರಬೇಕು. ಅಕ್ಕನ ಮಗನ ವಾದದಲ್ಲಿ ಇಷ್ಟಕ್ಕೆ ನಾನೂ ಅವನ ಕಡೆ. ರಗಳೆ ಇರುವುದು ಆಮೇಲೆ. ರೆಡಿ ಇರುವುದನ್ನು ತರುವುದೋ, ಪಾರ್ಟ್ಸ್ ತಂದು ತಾನೇ ಜೋಡಿಸುವುದೋ?

ಬೆಂಗಳೂರಿಗರಿಗೆ ಇದಕ್ಕೆ ಮೂರನೆಯ ಉತ್ತರವೊಂದು ಮೊದಲಿನಿಂದಲೂ ಇದೆ: ಎಸ್.ಪಿ. ರೋಡ್. ಬಟ್ಟೆ ಕೊಟ್ಟು ಬ್ಲೌಸ್ ಹೊಲಿಸಿದಂತೆ ಅಲ್ಲಿ ಕಂಪ್ಯೂಟರನ್ನು ಅಸೆಂಬಲ್ ಮಾಡಿಸುತ್ತಿದ್ದೆವು. ವಿಪ್ರೊ, ಎಚ್‌ಸಿಎಲ್ ಹೆಸರಿನ ಪೆಟ್ಟಿಗೆಗಳು ಕೈಗೆಟುಕದ ಕಾಲದಲ್ಲಿ ಮಧ್ಯಮ ವರ್ಗದ ಮನೆಗಳಿಗೆ ಪೆಂಟಿಯಂ ಬಂದದ್ದು ಹೀಗೆಯೇ, ಆಟೊದಲ್ಲಿ, ದಪ್ಪ ಮಾನಿಟರನ್ನು ತೊಡೆಯ ಮೇಲೆ ಕೂರಿಸಿಕೊಂಡು. ಈಗ ಜ್ಞಾನಭಾರತಿಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಲೈನಿಗೆ ಬದಲಾಯಿಸಿ, ಚಿಕ್ಕಪೇಟೆಯಲ್ಲಿ ಇಳಿದು ನಡೆದರಾಯಿತು. ಕೌಂಟರಿನವರು ಇವತ್ತಿಗೂ ಮೊದಲು ಕೇಳುವುದು ಬಜೆಟ್ ಎಷ್ಟು ಅಂತ. ಎರಡನೆಯದು, ಬಿಲ್ ಬೇಕಾ ಅಂತ. ಬೇಕು ಅನ್ನಿ. ಬಿಡಿಭಾಗಗಳಿಗೆ ಒಂದೊಂದಕ್ಕೂ ಬೇರೆ ಬೇರೆ ಕಂಪನಿಯ ವಾರಂಟಿ. ನಾಳೆ ಗ್ರಾಫಿಕ್ಸ್ ಕಾರ್ಡ್ ಕೈಕೊಟ್ಟರೆ ಆ ಚೀಟಿಯೊಂದೇ ದಿಕ್ಕು.

ಜೋಡಿಸಿದರೆ ಅಗ್ಗ ಎಂಬ ಮಾತು ಹುಟ್ಟಿದ್ದು ಆ ದೊಡ್ಡ ಪೆಟ್ಟಿಗೆಗಳ ಕಾಲದಲ್ಲಿ. ಚಿಕ್ಕದರ ಲೆಕ್ಕವೇ ಬೇರೆ. ಇಂಟೆಲ್ 1995ರಲ್ಲಿ ತಂದ ಎಟಿಎಕ್ಸ್ ಅಳತೆಯ ಮದರ್‌ಬೋರ್ಡ್ 30.5 ಸೆಂ.ಮೀ. ಉದ್ದ, 24.4 ಸೆಂ.ಮೀ. ಅಗಲ. ತೈವಾನಿನ ವಿಐಎ ಕಂಪನಿ 2001ರಲ್ಲಿ ಹೊರತಂದ ಮಿನಿ-ಐಟಿಎಕ್ಸ್ 17 ಸೆಂ.ಮೀ.ಗಳ ಚೌಕ, ಗೇಣಿಗೂ ಕಡಿಮೆ. ಇದರಲ್ಲಿ ಕಾರ್ಡಿಗೆ ಒಂದೇ ಸ್ಲಾಟು, ರ್‍ಯಾಮಿಗೆ ಸಾಮಾನ್ಯವಾಗಿ ಎರಡು. ಕೊಡುವುದು ಕಡಿಮೆ, ಕೇಳುವ ಬೆಲೆ ಜಾಸ್ತಿ. ಅದಕ್ಕೆ ತಕ್ಕ ಪುಟ್ಟ ಪವರ್ ಸಪ್ಲೈ ತುಟ್ಟಿ, ಕ್ಯಾಬಿನೆಟ್ಟೂ ತುಟ್ಟಿ. ಜಾಗ ಉಳಿಸಲು ಹೋದವನು ದುಡ್ಡನ್ನೂ ಉಳಿಸುತ್ತೇನೆ ಎಂದರೆ ನಾನಂತೂ ನಂಬುವುದಿಲ್ಲ.

ಇದರ ಮೇಲೆ ರ್‍ಯಾಮಿನ ಬೆಲೆ. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿ 2025ರ ಕೊನೆಗೆ ದರ ಏರಿದ ಪರಿ ಹೇಳತೀರದು. ಅದೇ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ, ನಮ್ಮಂಥವರಿಗೆ ಬಿಡಿಯಾಗಿ ಸಿಗುತ್ತಿದ್ದ ಕ್ರೂಶಿಯಲ್ ಮೆಮೊರಿಯ ಮಾರಾಟವನ್ನೇ ನಿಲ್ಲಿಸುವುದಾಗಿ ಹೇಳಿತು. ಇಂಥ ಹೊತ್ತಿನಲ್ಲಿ ಸಗಟಿನಲ್ಲಿ ಕೊಳ್ಳುವ ಕಂಪನಿಗೆ ಇರುವ ಆಸರೆ, ಒಂದೇ ಒಂದು ಮೆಮೊರಿ ಕಡ್ಡಿ ಕೊಳ್ಳುವವನಿಗೆ ಎಲ್ಲಿಂದ ಬರಬೇಕು?

ಹಾಗಿದ್ದರೂ ಕೈಯಾರೆ ಜೋಡಿಸುವ ಖುಷಿಯನ್ನು ಅಲ್ಲಗಳೆಯಲಾರೆ. ಅಕ್ಕನ ಮಗ ಗೆಳೆಯನೊಬ್ಬನಿಗೆ ಜೋಡಿಸಿಕೊಟ್ಟಾಗ ಪಕ್ಕದಲ್ಲೇ ಕೂತು ನೋಡಿದ್ದೇನೆ. ಪ್ರೊಸೆಸರ್, ರ್‍ಯಾಮ್, ಎಸ್‌ಎಸ್‌ಡಿ ಮೂರನ್ನೂ ಬೋರ್ಡ್ ಹೊರಗಿದ್ದಾಗಲೇ ಕೂರಿಸಿಬಿಡಬೇಕು, ಒಳಗೆ ಹೋದಮೇಲೆ ಬೆರಳು ಹಿಡಿಯುವುದಿಲ್ಲ. ಪ್ರೊಸೆಸರಿನ ಕರೆಂಟಿನ ವೈರು ಕೂಲರ್ ಬರುವ ಮೊದಲೇ ಸಂದಿಯಲ್ಲಿ ತೂರಿರಬೇಕು. ಎಸ್‌ಎಸ್‌ಡಿಯ ಎರಡು ಮಿಲಿಮೀಟರ್ ದಪ್ಪದ ಸ್ಕ್ರೂ ಕೈಜಾರಿತು. ಇಬ್ಬರೂ ಮೊಬೈಲ್ ಟಾರ್ಚ್ ಹಿಡಿದು ನೆಲಕ್ಕೆ ಕೆನ್ನೆಯೊತ್ತಿ ಹುಡುಕಿದರು. ಪವರ್ ಬಟನ್ನಿನ ಪಿನ್ನು ಸಿಕ್ಕಿಸಲು ಕೊನೆಗೆ ಅಕ್ಕನ ಹುಬ್ಬಿನ ಚಿಮುಟವೇ ಬೇಕಾಯಿತು. ಕಾರ್ಡಿನ ಉದ್ದ ಹೊಂದಿತ್ತು. ದಪ್ಪ ಹೊಂದುತ್ತದೆಯೇ ಎಂದು ಮುಚ್ಚಳ ಹಾಕುವ ತನಕ ಮೂವರೂ ಉಸಿರು ಬಿಗಿಹಿಡಿದಿದ್ದೆವು.

ಹೀಗೆ ಜೋಡಿಸಿದ ಹುಡುಗ ಮುಂದೆ ಅದನ್ನು ಬಿಚ್ಚಲು ಹೆದರುವುದಿಲ್ಲ, ಅದೊಂದು ದೊಡ್ಡ ಲಾಭ. ಕಾಮಗಾರಿ ನಿಲ್ಲದ ನಮ್ಮ ಕಡೆಯ ರಸ್ತೆಗಳ ಧೂಳಿಗೆ ಚಿಕ್ಕ ಪೆಟ್ಟಿಗೆ ಬೇಗ ಉಸಿರುಕಟ್ಟುತ್ತದೆ, ಆಗಾಗ ಬಿಚ್ಚಲೇಬೇಕು. ರೆಡಿ ಸಿಗುವ ಪುಟಾಣಿಗಳಲ್ಲಿ ಎಷ್ಟೋ ಸಲ ಗ್ರಾಫಿಕ್ಸ್ ಚಿಪ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ. 2025ರ ನವೆಂಬರಿನಲ್ಲಿ ವಾಲ್ವ್ ಕಂಪನಿ ತೋರಿಸಿದ ಸ್ಟೀಮ್ ಮಷೀನ್ ಹತ್ತಿರಹತ್ತಿರ 16 ಸೆಂ.ಮೀ.ಗಳ ಚೆಂದದ ಘನ. ಅದರಲ್ಲೂ ರ್‍ಯಾಮ್ ಬದಲಿಸಬಹುದು, ಗ್ರಾಫಿಕ್ಸ್ ಬದಲಿಸಲಾಗದು.

ಆಡುವುದಷ್ಟೇ ಬೇಕಾದವನು ರೆಡಿ ತರಲಿ, ಒಂದೇ ಬಿಲ್ಲು, ಒಂದೇ ವಾರಂಟಿ. ಬಿಚ್ಚುವ ಚಪಲ ಇರುವವನು ಆ ಚಪಲಕ್ಕೂ ದುಡ್ಡು ತೆಗೆದಿಟ್ಟು ಜೋಡಿಸಲಿ. ಇಷ್ಟು ತೀರ್ಪು ಕೊಟ್ಟು ಮುಗಿಸಿದ್ದೆ. ಆದರೆ ದುಡ್ಡು ಕೊಡುವವರು ಭಾವ, ಉಲ್ಲಾಳ ಮೇನ್ ರೋಡಿನಲ್ಲಿ ಅವರದು ಪೇಂಟ್ ಅಂಗಡಿ. ಅವರು ಕೇಳಿದ್ದು ಒಂದೇ ಪ್ರಶ್ನೆ:

"ಇದರಲ್ಲಿ ಟ್ಯಾಲಿ ಓಡುತ್ತೇನಪ್ಪಾ?"

"ವಿಂಡೋಸ್ ಹಾಕಿದ್ರೆ ಓಡುತ್ತೆ ಅಪ್ಪ."

"ಅದಕ್ಕೆ ಬೇರೆ ದುಡ್ಡಾ?"

ಜೋಡಿಸಿದರೆ ಬೇರೆ ದುಡ್ಡು. ರೆಡಿ ತಂದರೆ ಬಹುಪಾಲು ಅದರೊಳಗೇ ಬಂದಿರುತ್ತದೆ. ಹುಡುಗ ನನ್ನ ಮುಖ ನೋಡಿದ. ನಾನು ಕಾಫಿ ಲೋಟ ಎತ್ತಿಕೊಂಡೆ.